ವಿವಿಧ ದೇಶಗಳ ಉಪಾಹಾರ ಧಾನ್ಯಗಳು: ಹೋಲಿಕೆಗೆ ಮುನ್ನ ಮಾಡಬೇಕಾದ ಲೆಕ್ಕ

ಅಕ್ಕಿ, ರಾಗಿ, ಗೋಧಿ, ಮೆಕ್ಕೆಜೋಳಗಳ ವಹಿವಾಟಿನಲ್ಲಿ ತಲೆಮಾರುಗಳಿಂದ ತೊಡಗಿರುವ ನಮ್ಮ ಸದಸ್ಯರಲ್ಲಿ ಹಲವರು ಈಚಿನ ವರ್ಷಗಳಲ್ಲಿ ಸಿದ್ಧ ಉಪಾಹಾರ ಧಾನ್ಯಗಳ ತಯಾರಿಕೆಯತ್ತ ಒಲವು ತೋರುತ್ತಿದ್ದಾರೆ. ರಾಗಿ ಫ್ಲೇಕ್ಸ್, ಸಿರಿಧಾನ್ಯಗಳ ಮ್ಯೂಸ್ಲಿ, ಮಸಾಲೆ ಬೆರೆಸಿದ ಅವಲಕ್ಕಿ ಮುಂತಾದ ಪದಾರ್ಥಗಳು ಈಗ ವಿದೇಶಿ ಪ್ಯಾಕೆಟ್ಟುಗಳ ಪಕ್ಕದಲ್ಲೇ ಅಂಗಡಿಯ ಕಪಾಟಿನಲ್ಲಿ ಕುಳಿತಿವೆ. ಹೀಗೆ ಪಕ್ಕದಲ್ಲಿ ಕುಳಿತ ಮೇಲೆ ಹೋಲಿಕೆ ಅನಿವಾರ್ಯ. ಗ್ರಾಹಕನೂ ಹೋಲಿಸುತ್ತಾನೆ, ತಯಾರಕನೂ ಹೋಲಿಸುತ್ತಾನೆ. ಆದರೆ ಆ ಹೋಲಿಕೆ ಸರಿಯಾದ ಆಧಾರದ ಮೇಲೆ ನಡೆಯುತ್ತಿದೆಯೇ ಎಂಬುದು ಈ ಲೇಖನದ ಪ್ರಶ್ನೆ.

ಇದು ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲ. ನಮ್ಮ ಕಚೇರಿಯ ಕಕ್ಷಿದಾರರೊಬ್ಬರು ಬೆಲ್ಲದ ಲೇಪನವಿರುವ ರಾಗಿ ಫ್ಲೇಕ್ಸ್ ತಯಾರಿಸುತ್ತಾರೆ. ಒಂದು ದಿನ ಅವರು ಮೂರು ಪ್ಯಾಕೆಟ್ಟುಗಳನ್ನು ನನ್ನ ಮೇಜಿನ ಮೇಲಿಟ್ಟರು. ಒಂದು ಅವರದು, ಒಂದು ಅಮೆರಿಕದ್ದು, ಇನ್ನೊಂದು ಬ್ರಿಟನ್ನಿನದು. ಅಮೆರಿಕದ ಪ್ಯಾಕೆಟ್ಟಿನಲ್ಲಿ ಸಕ್ಕರೆ 12 ಗ್ರಾಂ, ಬ್ರಿಟನ್ನಿನದರಲ್ಲಿ 17 ಗ್ರಾಂ, ತಮ್ಮದರಲ್ಲಿ 15 ಗ್ರಾಂ ಎಂದು ತೋರಿಸಿ, "ಅಮೆರಿಕದವರ ಮಟ್ಟಕ್ಕೆ ನಾವೂ ಇಳಿಯಬೇಕು ಸಾರ್, ಇಲ್ಲದಿದ್ದರೆ ದೊಡ್ಡ ಅಂಗಡಿಗಳು ನಮ್ಮ ಮಾಲು ಇಡುವುದಿಲ್ಲ" ಎಂದರು. ಬೆಲ್ಲ ತಗ್ಗಿಸಿದರೆ ಗರಿಗರಿತನ ಉಳಿಯದು. ಅದನ್ನು ಉಳಿಸಿಕೊಳ್ಳಲು ಹೊಸ ಒಣಗಿಸುವ ಯಂತ್ರ ಬೇಕು, ಅದಕ್ಕೆ 18 ಲಕ್ಷ ರೂಪಾಯಿ ಬ್ಯಾಂಕ್ ಸಾಲ ಬೇಕು, ಸಾಲಕ್ಕೆ ಯೋಜನಾ ವರದಿ ಬೇಕು. ಆ ವರದಿಗಾಗಿಯೇ ಅವರು ಬಂದಿದ್ದರು. ವರದಿ ಬರೆಯುವ ಮೊದಲು ಲೇಬಲ್‌ಗಳನ್ನು ಓದೋಣವೆಂದು ನಾನು ಸೂಚಿಸಿದೆ. ಅಂದು ಮಾಡಿದ ಲೆಕ್ಕವನ್ನೇ ಇಲ್ಲಿ ವಿಸ್ತರಿಸಿ ಬರೆದಿದ್ದೇನೆ.

1. ಒಂದೊಂದು ದೇಶದ ಬಟ್ಟಲು

ಇಂದಿನ ಉಪಾಹಾರ ಧಾನ್ಯಗಳ ಉದ್ಯಮ ಬಹುಮಟ್ಟಿಗೆ ಆರೋಗ್ಯಧಾಮಗಳಲ್ಲಿ ಹುಟ್ಟಿದ್ದು. ಅಮೆರಿಕದ ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕ್ ಎಂಬ ಊರಿನ ಆರೋಗ್ಯಧಾಮವನ್ನು ನಡೆಸುತ್ತಿದ್ದ ಡಾ. ಜಾನ್ ಹಾರ್ವೆ ಕೆಲಾಗ್ ಅವರು ಬೇಯಿಸಿದ ಗೋಧಿಯನ್ನು ಉರುಳೆಗಳ ನಡುವೆ ಹಾಯಿಸಿ ತೆಳು ಪದರಗಳನ್ನಾಗಿ ಮಾಡುವ ವಿಧಾನಕ್ಕೆ 1896ರಲ್ಲಿ ಪೇಟೆಂಟ್ ಪಡೆದರು. ಅವರ ತಮ್ಮ ವಿಲ್ ಕೀತ್ ಕೆಲಾಗ್ 1906ರಲ್ಲಿ ಅದನ್ನು ಮೆಕ್ಕೆಜೋಳದ ವ್ಯಾಪಾರವನ್ನಾಗಿ ಪರಿವರ್ತಿಸಿದರು. ಅದೇ ಆರೋಗ್ಯಧಾಮದಲ್ಲಿ ರೋಗಿಯಾಗಿದ್ದ ಸಿ. ಡಬ್ಲ್ಯೂ. ಪೋಸ್ಟ್ ಎಂಬವರು 1897ರಲ್ಲೇ ಗ್ರೇಪ್-ನಟ್ಸ್ ಎಂಬ ಪದಾರ್ಥದೊಡನೆ ಮಾರುಕಟ್ಟೆಗೆ ಇಳಿದಿದ್ದರು.

ಸ್ವಿಟ್ಜರ್ಲೆಂಡಿನ ಮ್ಯೂಸ್ಲಿಯ ಕಥೆಯೂ ಇಂಥದೇ. ಜ್ಯೂರಿಕ್‌ನ ವೈದ್ಯ ಮ್ಯಾಕ್ಸಿಮಿಲಿಯನ್ ಬಿರ್ಷರ್-ಬೆನ್ನರ್ ಅವರು 1900ರ ಸುಮಾರಿಗೆ ತಮ್ಮ ರೋಗಿಗಳಿಗೆ ಕೊಡುತ್ತಿದ್ದುದು ಮುಖ್ಯವಾಗಿ ತುರಿದ ಸೇಬು. ಓಟ್ಸ್ ಅದರಲ್ಲಿ ಒಂದು ಚಮಚದಷ್ಟು ಮಾತ್ರ, ಅದೂ ನೀರಿನಲ್ಲಿ ನೆನೆಸಿದ್ದು. ಇಂದು ಅದೇ ಹೆಸರಿನಲ್ಲಿ ಮಾರಾಟವಾಗುವ ಪ್ಯಾಕೆಟ್ಟಿನಲ್ಲಿ ಓಟ್ಸ್ ಹೆಚ್ಚು, ಹಣ್ಣು ಕಡಿಮೆ. ಆಸ್ಟ್ರೇಲಿಯದ ಗೋಧಿ ಬಿಲ್ಲೆ ವೀಟ್-ಬಿಕ್ಸ್ 1920ರ ದಶಕದ್ದು. 1928ರಲ್ಲಿ ಅದು ಅಲ್ಲಿನ ಒಂದು ಚರ್ಚ್‌ಗೆ ಸೇರಿದ ಸ್ಯಾನಿಟೇರಿಯಂ ಕಂಪನಿಯ ಪಾಲಾಯಿತು. ಅದೇ ಕುಲದ ವೀಟಾಬಿಕ್ಸ್ 1932ರಲ್ಲಿ ಬ್ರಿಟನ್ನಿನಲ್ಲಿ ತಯಾರಾಗತೊಡಗಿತು. 2012ರಲ್ಲಿ ಅದರ ಬಹುಪಾಲು ಷೇರುಗಳನ್ನು ಚೀನಾದ ಒಂದು ಸಂಸ್ಥೆ ಕೊಂಡಿತು. 2017ರಲ್ಲಿ ಅದು ಅಮೆರಿಕದ ಪೋಸ್ಟ್ ಸಂಸ್ಥೆಯ ಕೈಸೇರಿತು. ಪ್ಯಾಕೆಟ್ಟಿನ ದೇಶ ಒಂದು, ಮಾಲೀಕನ ದೇಶ ಇನ್ನೊಂದು ಎಂಬುದನ್ನು ವರ್ತಕರು ಗಮನಿಸಬೇಕು.

ನಮ್ಮ ದೇಶದಲ್ಲಿ ಇದಕ್ಕೆ ಸಮಾನವಾದ ಪದಾರ್ಥಗಳು ಯಾವ ಪೇಟೆಂಟಿಗೂ ಕಾಯದೆ ಬೆಳೆದಿವೆ. ಅವಲಕ್ಕಿ, ಮಂಡಕ್ಕಿ, ಅರಳು, ರಾಗಿಯ ಹುರಿಹಿಟ್ಟು ಇವೆಲ್ಲವೂ ಒಮ್ಮೆ ಶಾಖ ಕಂಡು, ಮತ್ತೆ ಬೇಯಿಸದೆಯೇ ತಿನ್ನಬಹುದಾದ ಧಾನ್ಯಗಳು. ತಾಂತ್ರಿಕವಾಗಿ ಇವು ಉಪಾಹಾರ ಧಾನ್ಯಗಳೇ. ಕಾರ್ನ್ ಫ್ಲೇಕ್ಸ್‌ಗೂ ಅವಲಕ್ಕಿಗೂ ಇರುವ ವ್ಯತ್ಯಾಸ ಧಾನ್ಯದ್ದು, ಕ್ರಮದ್ದು, ಪ್ಯಾಕೆಟ್ಟಿನದು. ಜಾತಿಯದಲ್ಲ.

2. ತಯಾರಿಕೆಯ ಕ್ರಮ ಏಕೆ ಮುಖ್ಯ

ಕಾರ್ನ್ ಫ್ಲೇಕ್ಸ್ ಮಾಡುವಾಗ ಮೊದಲು ಮೆಕ್ಕೆಜೋಳದ ಸಿಪ್ಪೆಯನ್ನೂ ಮೊಳಕೆಯ ಭಾಗವನ್ನೂ ತೆಗೆದುಹಾಕುತ್ತಾರೆ. ಮೊಳಕೆಯಲ್ಲಿ ಎಣ್ಣೆ ಇರುವುದರಿಂದ ಅದನ್ನು ಉಳಿಸಿದರೆ ದಾಸ್ತಾನು ಬೇಗ ಕಮಟು ಹಿಡಿಯುತ್ತದೆ. ಉಳಿದ ನುಚ್ಚನ್ನು ಸಕ್ಕರೆ, ಉಪ್ಪು, ಮಾಲ್ಟ್ ಸೇರಿಸಿ ಹಬೆಯ ಒತ್ತಡದಲ್ಲಿ ಬೇಯಿಸಿ, ಒಣಗಿಸಿ, ಉರುಳೆಗಳಲ್ಲಿ ಚಪ್ಪಟೆ ಮಾಡಿ, ಹುರಿಯುತ್ತಾರೆ. ಈ ಕ್ರಮದಲ್ಲಿ ನಾರಿನಂಶವೂ ಕೆಲವು ಜೀವಸತ್ವಗಳೂ ಕಳೆದುಹೋಗುವುದರಿಂದ ಕೊನೆಯಲ್ಲಿ ಜೀವಸತ್ವ ಮತ್ತು ಕಬ್ಬಿಣದ ಅಂಶವನ್ನು ಹೊರಗಿನಿಂದ ಸೇರಿಸುವುದು ರೂಢಿ. ಖರ್ಚಿನ ಭಾಷೆಯಲ್ಲಿ ಹೇಳುವುದಾದರೆ ಮೊದಲು ಖರ್ಚು ಬರೆದದ್ದನ್ನು ಕೊನೆಯಲ್ಲಿ ಮತ್ತೆ ಜಮಾ ತೋರಿಸಿದಂತೆ.

ಗೋಧಿ ಬಿಲ್ಲೆಯಲ್ಲಿ ಇಡೀ ಗೋಧಿ ಬಳಕೆಯಾಗುವುದರಿಂದ 100 ಗ್ರಾಮಿಗೆ ಸುಮಾರು 10 ಗ್ರಾಂ ನಾರು ಉಳಿಯುತ್ತದೆ. ಓಟ್ಸ್‌ಗೆ ಹಬೆ ಕೊಟ್ಟು, ಅದು ಕಮಟು ಹಿಡಿಯದಂತೆ ಮಾಡಿ, ಚಪ್ಪಟೆಗೊಳಿಸುತ್ತಾರೆ. ಅಲ್ಲಿ ಸಕ್ಕರೆಯೂ ಇಲ್ಲ, ಉಪ್ಪೂ ಇಲ್ಲ. ಭತ್ತವನ್ನು ನೆನೆಸಿ, ಹುರಿದು, ಬಿಸಿಯಿರುವಾಗಲೇ ಕುಟ್ಟಿ ಮಾಡುವ ನಮ್ಮ ಅವಲಕ್ಕಿಯಲ್ಲಿಯೂ ಅಷ್ಟೇ. ಆದ್ದರಿಂದ ಸಾದಾ ಅವಲಕ್ಕಿಯನ್ನು ಹೋಲಿಸಬೇಕಾದುದು ಸಾದಾ ಓಟ್ಸ್‌ನೊಡನೆ. ಬೆಲ್ಲ ಹಚ್ಚಿದ ರಾಗಿ ಫ್ಲೇಕ್ಸನ್ನು ಹೋಲಿಸಬೇಕಾದುದು ಸಕ್ಕರೆ ಹಚ್ಚಿದ ಕಾರ್ನ್ ಫ್ಲೇಕ್ಸ್‌ನೊಡನೆ. ಸಗಟು ವ್ಯಾಪಾರಿಯ ಲಾಭಾಂಶವನ್ನು ಚಿಲ್ಲರೆ ವ್ಯಾಪಾರಿಯ ಲಾಭಾಂಶದೊಡನೆ ಹೋಲಿಸಲಾಗದು ಎಂಬುದು ನಮಗೆ ತಿಳಿದೇ ಇದೆ. ಇಲ್ಲಿಯೂ ಅದೇ ನಿಯಮ.

3. ಲೇಬಲ್‌ಗಳ ಐದು ಭೇದಗಳು

ಎರಡು ಕಂಪನಿಗಳ ಅಢಾವೆ ಪತ್ರಿಕೆಗಳನ್ನು ಹೋಲಿಸುವ ಮೊದಲು ಅವುಗಳ ಲೆಕ್ಕಪದ್ಧತಿ ಒಂದೇ ಆಗಿದೆಯೇ ಎಂದು ನೋಡುವುದು ಲೆಕ್ಕಪರಿಶೋಧಕನ ಮೊದಲ ಪಾಠ. ಆಹಾರದ ಲೇಬಲ್‌ಗಳಲ್ಲಿ ದೇಶದಿಂದ ದೇಶಕ್ಕೆ ಕನಿಷ್ಠ ಐದು ಭೇದಗಳಿವೆ.

ಮೊದಲನೆಯದು ಪ್ರಮಾಣ. ಐರೋಪ್ಯ ಒಕ್ಕೂಟ ಮತ್ತು ಬ್ರಿಟನ್ನಿನಲ್ಲಿ ಪ್ರತಿ 100 ಗ್ರಾಮಿನ ಲೆಕ್ಕ ಕಡ್ಡಾಯ. ಅಮೆರಿಕದಲ್ಲಿ ಒಂದು ಹೊತ್ತಿನ ಪ್ರಮಾಣದ ಲೆಕ್ಕ. ಆ ಪ್ರಮಾಣಕ್ಕೆ ಆಧಾರವಾದ ತೂಕವನ್ನು ಅಲ್ಲಿನ ಆಹಾರ ಇಲಾಖೆಯೇ ನಿಗದಿ ಮಾಡಿದೆ. 2016ರ ಪರಿಷ್ಕರಣೆಯ ನಂತರ ಅರಳಿನಂತೆ ಉಬ್ಬಿದ ಹಗುರ ಪದಾರ್ಥಕ್ಕೆ 15 ಗ್ರಾಂ, ಮಧ್ಯಮ ಸಾಂದ್ರತೆಯ ಪದಾರ್ಥಕ್ಕೆ 40 ಗ್ರಾಂ, ಗ್ರಾನೋಲಾದಂತಹ ಭಾರದ ಪದಾರ್ಥಕ್ಕೆ 60 ಗ್ರಾಂ. ಹೀಗಾಗಿ ಅಮೆರಿಕದ ಎರಡು ಪ್ಯಾಕೆಟ್ಟುಗಳನ್ನು ಕೂಡ ನೇರವಾಗಿ ಹೋಲಿಸುವಂತಿಲ್ಲ.

ಎರಡನೆಯದು ಉಪ್ಪು. ಬ್ರಿಟನ್ ಮತ್ತು ಯುರೋಪಿನಲ್ಲಿ ಉಪ್ಪನ್ನು ಗ್ರಾಂಗಳಲ್ಲಿ ತೋರಿಸುತ್ತಾರೆ. ಅಮೆರಿಕ, ಆಸ್ಟ್ರೇಲಿಯ ಮತ್ತು ಭಾರತದಲ್ಲಿ ಸೋಡಿಯಂ ಅನ್ನು ಮಿಲಿಗ್ರಾಂಗಳಲ್ಲಿ ತೋರಿಸುತ್ತಾರೆ. ಸೋಡಿಯಂನ ಎರಡೂವರೆ ಪಟ್ಟು ಉಪ್ಪು ಎಂಬುದು ಪರಿವರ್ತನೆಯ ಸೂತ್ರ.

ಮೂರನೆಯದು ಕಾರ್ಬೋಹೈಡ್ರೇಟ್. ಅಮೆರಿಕದ ಲೇಬಲ್ಲಿನ ಒಟ್ಟು ಕಾರ್ಬೋಹೈಡ್ರೇಟಿನಲ್ಲಿ ನಾರಿನಂಶ ಸೇರಿದೆ. ಯುರೋಪಿನದರಲ್ಲಿ ನಾರನ್ನು ಕಳೆದು ಪ್ರತ್ಯೇಕವಾಗಿ ತೋರಿಸುತ್ತಾರೆ. ಒಂದು ಒಟ್ಟು ಆದಾಯ, ಇನ್ನೊಂದು ನಿವ್ವಳ ಆದಾಯ.

ನಾಲ್ಕನೆಯದು ಸಕ್ಕರೆ. ಭಾರತದ 2020ರ ಲೇಬಲ್ ನಿಯಮಗಳು ಮತ್ತು ಅಮೆರಿಕದ ಈಗಿನ ನಿಯಮಗಳು ಒಟ್ಟು ಸಕ್ಕರೆಯೊಡನೆ 'ಸೇರಿಸಿದ ಸಕ್ಕರೆ'ಯನ್ನೂ ಬೇರೆಯಾಗಿ ಕೇಳುತ್ತವೆ. ಬ್ರಿಟನ್ನಿನ ಪೋಷಕಾಂಶ ಪಟ್ಟಿಯಲ್ಲಿ ಒಟ್ಟು ಸಕ್ಕರೆ ಮಾತ್ರ ಕಡ್ಡಾಯ. ಒಣದ್ರಾಕ್ಷಿ ಹೆಚ್ಚಾಗಿರುವ ಮ್ಯೂಸ್ಲಿಯಲ್ಲಿ ಒಂದು ಚಮಚ ಸಕ್ಕರೆ ಹಾಕದಿದ್ದರೂ ಅಂಕಿ ದೊಡ್ಡದಾಗಿ ಕಾಣುವುದು ಇದರಿಂದಲೇ.

ಐದನೆಯದು ಶಕ್ತಿ. ಆಸ್ಟ್ರೇಲಿಯದಲ್ಲಿ ಕಿಲೋಜೂಲ್ ಪ್ರಧಾನ, ನಮ್ಮಲ್ಲಿ ಕಿಲೋ ಕ್ಯಾಲೊರಿ. ಕಿಲೋಜೂಲ್ ಅಂಕಿಯನ್ನು 4.184ರಿಂದ ಭಾಗಿಸಿದರೆ ಕಿಲೋ ಕ್ಯಾಲೊರಿ ದೊರೆಯುತ್ತದೆ.

4. ಮೂರು ಪ್ಯಾಕೆಟ್ಟುಗಳ ಲೆಕ್ಕ

ಈಗ ನಮ್ಮ ಕಕ್ಷಿದಾರರ ಪ್ಯಾಕೆಟ್ಟುಗಳಿಗೆ ಮರಳೋಣ. ಅಮೆರಿಕದ ಪ್ಯಾಕೆಟ್ಟಿನಲ್ಲಿ 40 ಗ್ರಾಮಿಗೆ 150 ಕಿಲೋ ಕ್ಯಾಲೊರಿ, ಕಾರ್ಬೋಹೈಡ್ರೇಟ್ 34 ಗ್ರಾಂ, ಅದರಲ್ಲಿ ನಾರು 2 ಗ್ರಾಂ, ಸಕ್ಕರೆ 12 ಗ್ರಾಂ, ಸೋಡಿಯಂ 200 ಮಿ.ಗ್ರಾಂ ಎಂದಿತ್ತು. ಎಲ್ಲವನ್ನೂ ಎರಡೂವರೆಯಿಂದ ಗುಣಿಸಿ 100 ಗ್ರಾಮಿಗೆ ತಂದರೆ 375 ಕಿಲೋ ಕ್ಯಾಲೊರಿ, ನಾರು ಕಳೆದ ಕಾರ್ಬೋಹೈಡ್ರೇಟ್ 80 ಗ್ರಾಂ, ನಾರು 5 ಗ್ರಾಂ, ಸಕ್ಕರೆ 30 ಗ್ರಾಂ, ಸೋಡಿಯಂ 500 ಮಿ.ಗ್ರಾಂ, ಅಂದರೆ ಉಪ್ಪು 1.25 ಗ್ರಾಂ.

ಬ್ರಿಟನ್ನಿನ ಪ್ಯಾಕೆಟ್ಟಿನಲ್ಲಿ 100 ಗ್ರಾಮಿಗೆ 1590 ಕಿಲೋಜೂಲ್, ಅಂದರೆ 380 ಕಿಲೋ ಕ್ಯಾಲೊರಿ. ಸಕ್ಕರೆ 17 ಗ್ರಾಂ, ಉಪ್ಪು 1.1 ಗ್ರಾಂ, ಅಂದರೆ ಸೋಡಿಯಂ 440 ಮಿ.ಗ್ರಾಂ. ನಮ್ಮವರ ಪ್ಯಾಕೆಟ್ಟಿನಲ್ಲಿ 100 ಗ್ರಾಮಿಗೆ 370 ಕಿಲೋ ಕ್ಯಾಲೊರಿ, ಸಕ್ಕರೆ 15 ಗ್ರಾಂ, ಸೋಡಿಯಂ 480 ಮಿ.ಗ್ರಾಂ, ಅಂದರೆ ಉಪ್ಪು 1.2 ಗ್ರಾಂ.

ಮೊದಲ ನೋಟಕ್ಕೆ ಸಕ್ಕರೆಯ ಸಾಲು 12, 17, 15 ಎಂದಿತ್ತು. ಒಂದೇ ಅಳತೆಗೆ ತಂದ ಮೇಲೆ ಅದು 30, 17, 15 ಆಯಿತು. ಎಲ್ಲಕ್ಕಿಂತ ಕಡಿಮೆ ಸಕ್ಕರೆಯದೆಂದು ಭಾವಿಸಿದ್ದ ಪ್ಯಾಕೆಟ್ಟಿನಲ್ಲಿ ನಮ್ಮವರದಕ್ಕಿಂತ ಎರಡು ಪಟ್ಟು ಸಕ್ಕರೆ. ಉಪ್ಪಿನಲ್ಲಿ ಮೂರೂ ಹೆಚ್ಚುಕಡಿಮೆ ಸಮ. 18 ಲಕ್ಷ ರೂಪಾಯಿಯ ಸಾಲದ ಅಗತ್ಯ ಒಂದು ಗುಣಾಕಾರದಲ್ಲಿ ಕರಗಿಹೋಯಿತು.

ಆದರೆ ಅದೇ ಓದಿನಲ್ಲಿ ಇನ್ನೊಂದು ಸಂಗತಿಯೂ ಹೊರಬಿತ್ತು. ಅವರ ಪ್ಯಾಕೆಟ್ಟಿನ ಮುಂಭಾಗದಲ್ಲಿ 'ಸಕ್ಕರೆ ಸೇರಿಸಿಲ್ಲ' ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು. ಬಿಳಿ ಸಕ್ಕರೆ ಹಾಕಿಲ್ಲ, ಬೆಲ್ಲ ಹಾಕಿದ್ದೇವೆ ಎಂಬುದು ಅವರ ಪ್ರಾಮಾಣಿಕ ನಂಬಿಕೆ. ನಿಯಮ ಹಾಗೆ ನೋಡುವುದಿಲ್ಲ. ಎಫ್‌ಎಸ್‌ಎಸ್‌ಎಐನ 2018ರ ಜಾಹೀರಾತು ಮತ್ತು ಘೋಷಣೆಗಳ ನಿಯಮಗಳ ಪ್ರಕಾರ ಯಾವುದೇ ಬಗೆಯ ಸಕ್ಕರೆಯನ್ನು ಸೇರಿಸಿದರೂ ಆ ಮಾತನ್ನು ಬರೆಯುವಂತಿಲ್ಲ. ಜೇನೂ ಬೆಲ್ಲವೂ ಇದರಿಂದ ಹೊರತಲ್ಲ. ಗೋದಾಮಿನಲ್ಲಿದ್ದ ಅಚ್ಚಾದ ಪೌಚ್‌ಗಳನ್ನು ಅವರು ಬಳಕೆಯಿಂದ ತೆಗೆಯಬೇಕಾಯಿತು. ಹೋಲಿಕೆ ಮಾಡಲು ಹೊರಟವನು ತನ್ನ ಪ್ಯಾಕೆಟ್ಟನ್ನೂ ಅದೇ ಕಣ್ಣಿನಿಂದ ಓದಬೇಕೆಂಬುದಕ್ಕೆ ಇದು ನಿದರ್ಶನ.

ಘೋಷಣೆಗಳ ವಿಷಯದಲ್ಲಿ ಇನ್ನು ಕೆಲವು ಅಂಕಿಗಳನ್ನು ನೆನಪಿಡುವುದು ಒಳಿತು. ಘನ ಆಹಾರದಲ್ಲಿ 'ಕಡಿಮೆ ಸಕ್ಕರೆ' ಎನ್ನಲು 100 ಗ್ರಾಮಿಗೆ 5 ಗ್ರಾಂ ಮೀರಬಾರದು. 'ನಾರಿನ ಮೂಲ' ಎನ್ನಲು 3 ಗ್ರಾಂ, 'ಅಧಿಕ ನಾರು' ಎನ್ನಲು 6 ಗ್ರಾಂ ಇರಬೇಕು. ವಿದೇಶಿ ಪ್ಯಾಕೆಟ್ಟಿನ ಘೋಷಣೆಯನ್ನು ಕಣ್ಣುಮುಚ್ಚಿ ನಕಲು ಮಾಡುವುದೂ ಅಪಾಯಕರ. ಓಟ್ಸ್‌ನ ಬೀಟಾ-ಗ್ಲೂಕಾನ್ ಎಂಬ ನಾರು ಹೃದಯಕ್ಕೆ ಹಿತವೆಂಬ ಘೋಷಣೆಗೆ ಅಮೆರಿಕದ ಆಹಾರ ಇಲಾಖೆ 1997ರಲ್ಲಿ ಅನುಮತಿ ನೀಡಿತು. ಅದಕ್ಕೆ ಆಧಾರ ದಿನಕ್ಕೆ 3 ಗ್ರಾಂ. ಓಟ್ಸ್‌ನಲ್ಲಿ ಆ ನಾರು ಸುಮಾರು ಶೇ. 4 ಇರುತ್ತದೆಂದು ಹಿಡಿದರೆ 75 ಗ್ರಾಂ ಓಟ್ಸ್ ಬೇಕು, ಅಂದರೆ 40 ಗ್ರಾಮಿನ ಬಟ್ಟಲುಗಳು ಸುಮಾರು ಎರಡು. ಆ ಘೋಷಣೆ ಓಟ್ಸ್‌ನದು. ರಾಗಿಯ ಹೆಗ್ಗಳಿಕೆ ಬೇರೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಸುಣ್ಣದ ಅಂಶವಿದೆ, ಮಿಕ್ಕ ಧಾನ್ಯಗಳಲ್ಲಿ ಅಷ್ಟಿಲ್ಲ. ನಮ್ಮ ತಯಾರಕರು ಹೇಳಿಕೊಳ್ಳಬೇಕಾದುದು ಅದನ್ನು, ಅದೂ ಸಿದ್ಧವಸ್ತುವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಮೇಲೆ.

5. ಹಾಲನ್ನು ಲೆಕ್ಕಕ್ಕೆ ಸೇರಿಸಬೇಕೇ?

ಈ ಪ್ರಶ್ನೆ ಬ್ರಿಟನ್ನಿನಲ್ಲಿ ನ್ಯಾಯಾಲಯದವರೆಗೂ ಹೋಯಿತು. ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಾಗಿರುವ ಆಹಾರವನ್ನು ದೊಡ್ಡ ಅಂಗಡಿಗಳ ಬಾಗಿಲ ಬಳಿಯಲ್ಲಿ, ಹಣ ಪಾವತಿಸುವ ಸ್ಥಳದಲ್ಲಿ ಇಡಬಾರದೆಂಬ ನಿಯಮ ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರ್‌ನಿಂದ ಜಾರಿಗೆ ಬಂತು. ಉಪಾಹಾರ ಧಾನ್ಯವನ್ನು ಯಾರೂ ಒಣದಾಗಿ ತಿನ್ನುವುದಿಲ್ಲ, ಹಾಲು ಸೇರಿಸಿಯೇ ಅಂಕ ಹಾಕಬೇಕು ಎಂಬುದು ಕೆಲಾಗ್ ಕಂಪನಿಯ ವಾದ. ಹಾಲು ಸೇರಿಸಿದರೆ 100 ಗ್ರಾಮಿನಲ್ಲಿ ಸಕ್ಕರೆಯ ಪಾಲು ತಾನಾಗಿ ಇಳಿಯುತ್ತದೆ. ಆದರೆ ಅಲ್ಲಿನ ಹೈಕೋರ್ಟ್ 2022ರ ಜುಲೈನಲ್ಲಿ ಈ ವಾದವನ್ನು ತಳ್ಳಿಹಾಕಿತು. ಮಾರಾಟವಾಗುವುದು ಒಣ ಪದಾರ್ಥ, ಲೆಕ್ಕವೂ ಅದರದೇ.

ಹಾಲು ನಮ್ಮ ದೇಶದಲ್ಲಿಯೂ ಇದೇ ಕಂಪನಿಗೆ ಪಾಠ ಕಲಿಸಿದೆ. 1994ರಲ್ಲಿ ಅದು ಭಾರತಕ್ಕೆ ಬಂದಾಗ ಮಾರಾಟ ನಿರೀಕ್ಷೆಯಷ್ಟು ಆಗಲಿಲ್ಲ. ತಣ್ಣನೆಯ ಹಾಲಿಗೆಂದು ರೂಪಿಸಿದ ಫ್ಲೇಕ್ಸ್ ಮೇಲೆ ನಮ್ಮ ಮನೆಗಳಲ್ಲಿ ಬಿಸಿ ಹಾಲು ಸುರಿಯುತ್ತಾರೆ, ಗರಿಗರಿ ಪದಾರ್ಥ ಕ್ಷಣದಲ್ಲಿ ಮೆತ್ತಗಾಗುತ್ತದೆ ಎಂಬುದು ಇದಕ್ಕೆ ಕೊಡುವ ಕಾರಣಗಳಲ್ಲೊಂದು. ವ್ಯವಹಾರ ನಿರ್ವಹಣೆಯ ತರಗತಿಗಳಲ್ಲಿ ಇದು ಇಂದಿಗೂ ಪಾಠವಾಗಿದೆ. ಬಂಡವಾಳ ಎಷ್ಟೇ ಇರಲಿ, ಗ್ರಾಹಕನ ಅಡುಗೆಮನೆಯನ್ನು ಅರಿಯದ ವ್ಯಾಪಾರಕ್ಕೆ ವಿಳಂಬ ತಪ್ಪದು.

6. ಅದೇ ಹೆಸರು, ಬೇರೆ ಪದಾರ್ಥ

ಒಂದೇ ಬ್ರಾಂಡಿನ ಪ್ಯಾಕೆಟ್ಟು ಎಲ್ಲ ದೇಶಗಳಲ್ಲಿ ಒಂದೇ ಎಂದು ಭಾವಿಸಬಾರದು. ಡೆನ್ಮಾರ್ಕ್ ಸರ್ಕಾರ 2004ರಲ್ಲಿ ಕೆಲಾಗ್ ಕಂಪನಿಯ 18 ಪದಾರ್ಥಗಳಿಗೆ ಜೀವಸತ್ವ ಮತ್ತು ಖನಿಜಗಳನ್ನು ಸೇರಿಸಲು ಅನುಮತಿ ನಿರಾಕರಿಸಿತು. ಇತರ ದೇಶಗಳಲ್ಲಿ ಮಾರಾಟದ ಗುಣವೆನಿಸಿದ್ದು ಅಲ್ಲಿ ಮಿತಿಮೀರಿದ ಸೇವನೆಯ ಅಪಾಯವೆನಿಸಿತು. ಕೆಲವು ಕೃತಕ ಬಣ್ಣಗಳನ್ನು ಬಳಸಿದರೆ ಮಕ್ಕಳ ಚಟುವಟಿಕೆ ಮತ್ತು ಏಕಾಗ್ರತೆಯ ಮೇಲೆ ದುಷ್ಪರಿಣಾಮ ಆಗಬಹುದೆಂಬ ಎಚ್ಚರಿಕೆಯನ್ನು 2010ರಿಂದ ಐರೋಪ್ಯ ಒಕ್ಕೂಟದಲ್ಲಿ ಅಚ್ಚು ಹಾಕಬೇಕು. ಚಿಲಿ ದೇಶದಲ್ಲಿ 2016ರಿಂದ ಸಕ್ಕರೆ ಮುಂತಾದವು ಮಿತಿಮೀರಿದ ಪ್ಯಾಕೆಟ್ಟಿನ ಮುಂಭಾಗದಲ್ಲಿ ಕಪ್ಪು ಅಷ್ಟಕೋನದ ಮುದ್ರೆ ಕಡ್ಡಾಯ. ಅಂಥ ಪ್ಯಾಕೆಟ್ಟಿನ ಮೇಲೆ ಮಕ್ಕಳನ್ನು ಸೆಳೆಯುವ ಚಿತ್ರ ಇರುವಂತಿಲ್ಲ. ಆಸ್ಟ್ರೇಲಿಯದಲ್ಲಿ 2014ರಿಂದ ನಕ್ಷತ್ರಗಳ ಅಂಕಪದ್ಧತಿ ಇದೆ. ರಫ್ತಿನ ಕನಸು ಕಾಣುವವರು ಹೊರಟ ದೇಶದ ನಿಯಮಕ್ಕೆ ತಕ್ಕ ಪೌಚ್ ಬೇರೆಯಾಗಿಯೇ ಮಾಡಿಸಬೇಕಾಗುತ್ತದೆ. ಆ ವೆಚ್ಚವನ್ನು ಆರಂಭದಲ್ಲೇ ಬೆಲೆಯೊಳಗೆ ಸೇರಿಸಬೇಕು.

7. ತೆರಿಗೆ ಮತ್ತು ಸಾಗಣೆ

ಸುಂಕದ ಪಟ್ಟಿಯಲ್ಲಿ ಪದಾರ್ಥದ ಸ್ಥಾನ ನಿರ್ಣಯವಾಗುವುದು ಪ್ಯಾಕೆಟ್ಟಿನ ಹೆಸರಿನಿಂದಲ್ಲ, ತಯಾರಿಕೆಯ ಕ್ರಮದಿಂದ. ಚಪ್ಪಟೆ ಮಾಡಿದ ಸಾದಾ ಓಟ್ಸ್ 1104ನೆಯ ಶೀರ್ಷಿಕೆಯಲ್ಲಿದೆ. ಕಾರ್ನ್ ಫ್ಲೇಕ್ಸ್, ಮ್ಯೂಸ್ಲಿ, ಮಂಡಕ್ಕಿ, ಅವಲಕ್ಕಿ ಇವೆಲ್ಲ 1904ರಲ್ಲಿವೆ. ಕೋಕೋ ಅಂಶ ಕೊಬ್ಬು ಕಳೆದ ಲೆಕ್ಕದಲ್ಲಿ ಶೇ. 6 ಮೀರಿದರೆ ಅಥವಾ ಧಾನ್ಯಕ್ಕೆ ಪೂರ್ತಿಯಾಗಿ ಚಾಕೊಲೇಟ್ ಹಚ್ಚಿದ್ದರೆ ಅದು 1904ನ್ನು ಬಿಟ್ಟು 1806ಕ್ಕೆ ಸೇರುತ್ತದೆ.

ಜಿಎಸ್‌ಟಿ ಜಾರಿಯಾದ 2017ರ ಜುಲೈನಿಂದ ಕಾರ್ನ್ ಫ್ಲೇಕ್ಸ್‌ಗೆ ಶೇ. 18 ತೆರಿಗೆ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 5ಕ್ಕೆ ಇಳಿದಿದೆ. ಅವಲಕ್ಕಿ, ಮಂಡಕ್ಕಿಗಳನ್ನು ಬಿಡಿಯಾಗಿ ಮಾರಿದರೆ ತೆರಿಗೆಯಿಲ್ಲ. 2022ರ ಜುಲೈ 18ರಿಂದ, 25 ಕೆ.ಜಿ.ವರೆಗೆ ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ್ದಕ್ಕೆ ಶೇ. 5 ಬೀಳುತ್ತದೆ. ಈಗ ದರಗಳ ಅಂತರ ಅಳಿದಿರುವುದರಿಂದ ವರ್ಗೀಕರಣದ ಚಿಂತೆ ಮುಗಿಯಿತೆಂದು ಭಾವಿಸಬಾರದು. ಹಿಂದಿನ ವರ್ಷಗಳ ಲೆಕ್ಕ ಪರಿಶೀಲನೆಗೆ ಬಂದಾಗ ಹಳೆಯ ದರವೇ ಅನ್ವಯವಾಗುತ್ತದೆ. ರಫ್ತಿನಲ್ಲಿ ಆಮದು ದೇಶದ ಸುಂಕವೂ ಶೀರ್ಷಿಕೆಯನ್ನೇ ಅವಲಂಬಿಸಿದೆ.

ಸಾಗಣೆಯ ಲೆಕ್ಕವನ್ನೂ ಮರೆಯಬಾರದು. ಉಬ್ಬಿದ ಧಾನ್ಯದಲ್ಲಿ ತೂಕಕ್ಕಿಂತ ಗಾಳಿಯೇ ಹೆಚ್ಚು. ಕಂಟೇನರ್ ತುಂಬಿದರೂ ತೂಕ ತುಂಬುವುದಿಲ್ಲ. ಮಂಡಕ್ಕಿಯನ್ನು ಸೇರಿನಲ್ಲಿ ಅಳೆದು ಮಾರುವ ದಾವಣಗೆರೆಯ ಭಟ್ಟಿಗಳವರಿಗೆ ಈ ಸತ್ಯವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ದೂರದ ಮಾರುಕಟ್ಟೆಗೆ ಒತ್ತಿದ ಬಿಲ್ಲೆ, ಮ್ಯೂಸ್ಲಿ, ಹುರಿಹಿಟ್ಟಿನಂತಹ ಸಾಂದ್ರ ಪದಾರ್ಥಗಳು ಹೆಚ್ಚು ಅನುಕೂಲ.

8. ಸಾರಾಂಶ

ಮೇಲಿನ ಚರ್ಚೆಯಿಂದ ನಮ್ಮ ಸದಸ್ಯರು ಅನುಸರಿಸಬಹುದಾದ ಕ್ರಮ ಹೀಗಿದೆ.

(ಅ) ಒಂದೇ ಬಗೆಯ ತಯಾರಿಕೆಯ ಪದಾರ್ಥಗಳನ್ನು ಮಾತ್ರ ಪರಸ್ಪರ ಹೋಲಿಸಿರಿ.

(ಆ) ಎಲ್ಲ ಅಂಕಿಗಳನ್ನೂ 100 ಗ್ರಾಂ ಒಣ ಪದಾರ್ಥಕ್ಕೆ ತನ್ನಿರಿ. ಉಪ್ಪು-ಸೋಡಿಯಂ, ನಾರು, ಶಕ್ತಿಯ ಮಾನಗಳನ್ನು ಸಮಗೊಳಿಸಿರಿ.

(ಇ) ಬೆಲೆಯನ್ನೂ 100 ಗ್ರಾಮಿಗೆ ಲೆಕ್ಕ ಹಾಕಿರಿ. ಪೆಟ್ಟಿಗೆಯ ಗಾತ್ರಕ್ಕೆ ಮಾರುಹೋಗದಿರಿ.

(ಈ) ಘೋಷಣೆಯನ್ನು ಅಚ್ಚಿಗೆ ಕೊಡುವ ಮೊದಲು ಪ್ರಯೋಗಾಲಯದ ವರದಿ ಮತ್ತು ನಿಯಮದ ಅಂಕಿ ಎರಡನ್ನೂ ಮುಂದಿಟ್ಟುಕೊಳ್ಳಿರಿ.

(ಉ) ಸುಂಕದ ಶೀರ್ಷಿಕೆಯನ್ನು ತಯಾರಿಕೆಯ ಕ್ರಮದ ಆಧಾರದಿಂದ ನಿರ್ಧರಿಸಿ ಕಡತದಲ್ಲಿ ದಾಖಲಿಸಿರಿ.

ನಮ್ಮ ಕಕ್ಷಿದಾರರು ಯಂತ್ರವನ್ನು ಕೊಳ್ಳಲಿಲ್ಲ. ಹೊಸ ಪೌಚ್‌ನ ಮೇಲೆ 'ಬೆಲ್ಲ ಸೇರಿಸಿದೆ, 100 ಗ್ರಾಮಿನಲ್ಲಿ ಸಕ್ಕರೆ 15 ಗ್ರಾಂ' ಎಂದು ನೇರವಾಗಿ ಬರೆಸಿದರು. ಹಾಗೆ ಬರೆಸುವಾಗ ಅವರಿಗೆ ಅಳುಕಿತ್ತು. ಆ ಅಂಕಿಯನ್ನೇ ಮೂರು ಪ್ಯಾಕೆಟ್ಟುಗಳ ಹೋಲಿಕೆಯ ಪಟ್ಟಿಯೊಡನೆ ಅಂಗಡಿಯ ಖರೀದಿ ಅಧಿಕಾರಿಯ ಮುಂದಿಟ್ಟಾಗ ಮಾಲಿಗೆ ಕಪಾಟಿನಲ್ಲಿ ಸ್ಥಳ ದೊರೆಯಿತು. ವಿದೇಶಿ ಪದಾರ್ಥದ ಮುಂದೆ ನಮ್ಮದು ಸಣ್ಣದೆಂಬ ಭಾವನೆ ಎಷ್ಟೋ ಸಲ ಅಳತೆಯ ದೋಷವಷ್ಟೇ ಆಗಿರುತ್ತದೆ. ಅಳತೆ ಸರಿಯಾದ ಮೇಲೂ ನಮ್ಮಲ್ಲಿ ಕೊರತೆ ಕಂಡರೆ ಅದನ್ನು ತಿದ್ದಿಕೊಳ್ಳಲು ಖರ್ಚು ಮಾಡಿದ ಹಣ ವ್ಯರ್ಥವಾಗುವುದಿಲ್ಲ.